ಡಿಎನ್‌ಎಸ್, ಡಿಎಚ್‌ಸಿಪಿಗಳನ್ನು ಬ್ರೌಸರ್‌ನಿಂದ ನಡೆಸುತ್ತಿರುವವರ ಅನುಭವ ಬೇಕಾಗಿದೆ

ತೀರ್ಥಹಳ್ಳಿ ಕಡೆಯ ಪಾಲಿಟೆಕ್ನಿಕ್ ಬೋಧಕ (ಪ್ರಶ್ನೆ):
ನಮ್ಮಲ್ಲಿ ಮೂರು ಲ್ಯಾಬುಗಳು ಮತ್ತು ಒಂದು ಕಚೇರಿ ಸೇರಿ ಸುಮಾರು 180 ಯಂತ್ರಗಳಿವೆ. ಹೆಸರಿಗೆ (ಯಂತ್ರದ ಹೆಸರಿನಿಂದ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ಗೆ) ಬೈಂಡ್, ವಿಳಾಸಕ್ಕೆ (ಯಂತ್ರಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿಗೆ) ಹಳೆಯ ಐಎಸ್‌ಸಿ ಡಿಎಚ್‌ಸಿಪಿ ಎಂಬ ತಂತ್ರಾಂಶ, ಎರಡೂ ಒಂದೇ ಡೆಬಿಯನ್ ಲಿನಕ್ಸ್ ಯಂತ್ರದಲ್ಲಿವೆ. ಇದನ್ನು ನೋಡಿಕೊಳ್ಳುತ್ತಿದ್ದ ಹಿರಿಯರು ಮಾರ್ಚ್‌ನಲ್ಲಿ ನಿವೃತ್ತರಾಗುತ್ತಾರೆ. ಕಮಾಂಡ್ ಬಲ್ಲವನು ನಾನೊಬ್ಬನೇ, ಉಳಿದಿಬ್ಬರಿಗೆ ವೆಬ್ ಪರದೆ ಇದ್ದರೆ ಮಾತ್ರ ಕೆಲಸ ಸಾಗುತ್ತದೆ. ಯಾವುದನ್ನು ಹಾಕಿಕೊಂಡಿರಿ, ಎಲ್ಲಿ ಪೆಟ್ಟು ತಿಂದಿರಿ ಎಂಬುದನ್ನು ದಯವಿಟ್ಟು ಬರೆಯಿರಿ.

ದಾವಣಗೆರೆಯ ಕಾಲೇಜು ಸಿಸ್ಟಮ್ ಅಡ್ಮಿನ್:
ನಾನು ವೆಬ್‌ಮಿನ್ (ಸರ್ವರನ್ನು ಬ್ರೌಸರ್‌ನಿಂದ ನಡೆಸುವ ತಂತ್ರಾಂಶ) ಬಳಸುತ್ತೇನೆ, ಇಂದಿಗೂ ಬಿಟ್ಟಿಲ್ಲ. ಆದರೆ 2021ರ ಜುಲೈನ ಆ ಸೋಮವಾರವನ್ನು ಮರೆಯಲಾರೆ. ನಮ್ಮ ಝೋನ್ (ಬೈಂಡ್ ಇಟ್ಟುಕೊಳ್ಳುವ ಹೆಸರುಗಳ ಪಟ್ಟಿ) ಡೈನಾಮಿಕ್ ಆಗಿತ್ತು, ಅಂದರೆ ಡಿಎಚ್‌ಸಿಪಿಯೇ ಯಂತ್ರಗಳ ಹೆಸರನ್ನು ಬೈಂಡ್‌ಗೆ ಬರೆಯುತ್ತಿತ್ತು. ಶನಿವಾರ ಸಂಜೆ ಮನೆಗೆ ಹೊರಡುವ ಅವಸರದಲ್ಲಿ ಒಂದು ಪ್ರಿಂಟರ್ ಸೇರಿಸಬೇಕಾಗಿತ್ತು. ವೆಬ್ ಪರದೆಯಲ್ಲಿ ಝೋನನ್ನು ಫ್ರೀಜ್ ಮಾಡುವ (ತಾನಾಗಿ ಬರುವ ಬದಲಾವಣೆಗಳನ್ನು ತಡೆಹಿಡಿಯುವ) ಬಟನ್ ಇದ್ದರೂ ಅದನ್ನು ಒತ್ತದೆ, ಟರ್ಮಿನಲ್‌ನಲ್ಲಿ ನೇರವಾಗಿ ಝೋನ್ ಫೈಲ್ ತೆರೆದು ಒಂದು ಸಾಲು ಬರೆದು ಉಳಿಸಿಬಿಟ್ಟೆ. ಭಾನುವಾರ ರಾತ್ರಿ ಕರೆಂಟ್ ಹೋಗಿ ಸರ್ವರ್ ಮರಳಿ ಏಳುವಾಗ ಹೊಸ ಬದಲಾವಣೆಗಳನ್ನು ಬೈಂಡ್ ಮೊದಲು ಬರೆದಿಡುವ ಜರ್ನಲ್ ಫೈಲಿಗೂ ಝೋನ್ ಫೈಲಿಗೂ ತಾಳೆಯಾಗದೆ ಬೈಂಡ್ ಆ ಝೋನನ್ನೇ ಲೋಡ್ ಮಾಡಲಿಲ್ಲ. ಬೆಳಿಗ್ಗೆ 9.30ಕ್ಕೆ ಆನ್‌ಲೈನ್ ಇಂಟರ್ನಲ್ ಪರೀಕ್ಷೆ ಇತ್ತು. ಒಂದು ಗಂಟೆ ಐವತ್ತು ನಿಮಿಷ ಅರವತ್ತು ವಿದ್ಯಾರ್ಥಿಗಳು ಖಾಲಿ ಪರದೆ ನೋಡುತ್ತಾ ಕುಳಿತರು.

ಲಾಗ್‌ನಲ್ಲಿ ‘ಜರ್ನಲ್ ಔಟ್ ಆಫ್ ಸಿಂಕ್ ವಿತ್ ಝೋನ್’ ಎಂಬ ಸಾಲು ಕಂಡ ಮೇಲೆ ಜರ್ನಲ್ ಅಳಿಸಿದೆ, ಝೋನ್ ಎದ್ದಿತು, ಆದರೆ ಜರ್ನಲ್‌ನಲ್ಲಿ ಮಾತ್ರ ಇದ್ದ ಹೆಸರುಗಳು ಹೋದವು. ಲೀಸ್ (ನಿಗದಿತ ಅವಧಿಗೆ ಯಂತ್ರಕ್ಕೆ ಕೊಟ್ಟ ವಿಳಾಸ) ನವೀಕರಣವಾದಾಗ ಅವು ತಾವಾಗಿ ಬರುತ್ತವೆಂದುಕೊಂಡಿದ್ದೆ. ಬರಲಿಲ್ಲ. ಲೀಸ್‌ನಲ್ಲಿ ಏನೂ ಬದಲಾಗದಿದ್ದರೆ ಐಎಸ್‌ಸಿ ಡಿಎಚ್‌ಸಿಪಿ ಮತ್ತೆ ಡಿಎನ್‌ಎಸ್‌ಗೆ ಬರೆಯಲು ಹೋಗುವುದಿಲ್ಲ, ಅಪ್‌ಡೇಟ್-ಆಪ್ಟಿಮೈಸೇಶನ್ ಎಂಬ ಸೆಟ್ಟಿಂಗ್ ತಾನಾಗಿಯೇ ಆನ್ ಆಗಿರುತ್ತದೆ. 52 ಯಂತ್ರಗಳ ಮುಂದೆ ಒಂದೊಂದಾಗಿ ಕುಳಿತು ವಿಳಾಸ ಬಿಟ್ಟು ಮತ್ತೆ ಪಡೆಯಬೇಕಾಯಿತು.

ಮೈಸೂರಿನ ನೆಟ್‌ವರ್ಕ್ ಎಂಜಿನಿಯರ್:
ಮೇಲಿನ ಸರ್ ಬರೆದದ್ದನ್ನು ಓದಿದರೆ ವೆಬ್ ಪರದೆ ಏಕೆ ಬೇಡವೆಂಬುದು ತಿಳಿಯುತ್ತದೆ. ನಾನು ಹದಿನಾಲ್ಕು ವರ್ಷಗಳಿಂದ ಝೋನ್ ಫೈಲುಗಳನ್ನು ಕೈಯಲ್ಲೇ ಬರೆಯುತ್ತಿದ್ದೇನೆ. ಪ್ರತಿ ಬದಲಾವಣೆಯೂ ಗಿಟ್‌ಗೆ ಹೋಗುತ್ತದೆ, ಯಾರು ಯಾವ ದಿನ ಯಾವ ಸಾಲು ಮುಟ್ಟಿದರೆಂಬುದು ಉಳಿಯುತ್ತದೆ, ತಪ್ಪು ಹುಡುಕುವ ನೇಮ್ಡ್-ಚೆಕ್‌ಝೋನ್ ಕಮಾಂಡ್ ಒಪ್ಪದ ಫೈಲು ಸರ್ವರ್ ತಲುಪುವುದೇ ಇಲ್ಲ. 2019ರ ಆಗಸ್ಟ್‌ನಲ್ಲಿ ವೆಬ್‌ಮಿನ್‌ನ ಡೌನ್‌ಲೋಡ್‌ನೊಳಗೇ ಹಿಂಬಾಗಿಲು ಸೇರಿಸಲಾಗಿತ್ತೆಂಬುದು ಬಯಲಾದಾಗ, ಅದರ ಪರದೆ ತೆರೆಯುವ ಪೋರ್ಟ್ 10000 ಅನ್ನು ಇಂಟರ್ನೆಟ್ಟಿಗೆ ತೆರೆದಿಟ್ಟುಕೊಂಡವರ ಪಾಡು ಏನಾಗಿರಬಹುದೆಂದು ಯೋಚಿಸಿ. ಹೆಸರು ಮತ್ತು ವಿಳಾಸ ಕೊಡುವ ಯಂತ್ರದ ರೂಟ್ (ಪೂರ್ಣ) ಅಧಿಕಾರ ಬೇರೆಯವರ ಕೈ ಸೇರಿದರೆ ಇಡೀ ನೆಟ್‌ವರ್ಕ್ ಅವರದಾದಂತೆಯೇ.

ದಾವಣಗೆರೆಯ ಕಾಲೇಜು ಸಿಸ್ಟಮ್ ಅಡ್ಮಿನ್:
ಸರ್, ನಾನು ಬರೆದದ್ದನ್ನು ಇನ್ನೊಮ್ಮೆ ಓದಿ. ಝೋನ್ ಕೆಟ್ಟದ್ದು ವೆಬ್ ಪರದೆಯಿಂದಲ್ಲ, ಅದನ್ನು ದಾಟಿ ನಾನು ಕೈ ಹಾಕಿದ್ದರಿಂದ. ತಾವು ಹೇಳಿದ ದೋಷ 1.930 ಆವೃತ್ತಿಯಲ್ಲಿ ನಿವಾರಣೆಯಾಯಿತು, ನಮ್ಮ ಪೋರ್ಟ್ 10000 ಎಂದೂ ಕಾಲೇಜಿನ ಹೊರಗೆ ತೆರೆದಿರಲಿಲ್ಲ. ಕೈಯಲ್ಲಿ ಬರೆಯುವವರು ಸೀರಿಯಲ್ ಸಂಖ್ಯೆ (ಝೋನ್ ಬದಲಾದಾಗಲೆಲ್ಲ ಹೆಚ್ಚಬೇಕಾದ ಸಂಖ್ಯೆ) ಏರಿಸಲು ಮರೆತು ದಿನಗಟ್ಟಲೆ ತಲೆ ಕೆಡಿಸಿಕೊಂಡದ್ದನ್ನು ಕಣ್ಣಾರೆ ಕಂಡಿದ್ದೇನೆ. ವೆಬ್‌ಮಿನ್ ಅದನ್ನು ತಾನೇ ಏರಿಸುತ್ತದೆ.

ಮೈಸೂರಿನ ನೆಟ್‌ವರ್ಕ್ ಎಂಜಿನಿಯರ್:
ಸೀರಿಯಲ್ ವಿಷಯದಲ್ಲಿ ನನಗೂ ಪೆಟ್ಟು ಬಿದ್ದಿದೆ, ಮುಚ್ಚಿಡುವುದಿಲ್ಲ. ಕಳೆದ ವರ್ಷ 2025031401 ಎಂದು ಬರೆಯಬೇಕಾದಲ್ಲಿ 2052031401 ಎಂದು ಬರೆದೆ. ಝೋನಿನ ನಕಲು ಇಟ್ಟುಕೊಳ್ಳುವ ಪಕ್ಕದ ಕಟ್ಟಡದ ಸೆಕೆಂಡರಿ ಸರ್ವರ್ ಅದನ್ನು ತೆಗೆದುಕೊಂಡಿತು. ಮರುದಿನ ನಾನು ಸರಿಯಾದ ಸಂಖ್ಯೆ ಹಾಕಿದಾಗ, ಅದು ತನ್ನಲ್ಲಿರುವುದಕ್ಕಿಂತ ಚಿಕ್ಕದೆಂದು ಹನ್ನೊಂದು ದಿನ ಯಾವ ಬದಲಾವಣೆಯನ್ನೂ ಸ್ವೀಕರಿಸಲಿಲ್ಲ. ತಪ್ಪು ಸಂಖ್ಯೆಗೆ 2147483647 ಕೂಡಿಸಿ 4199515048 ಮಾಡಿ, ಸೆಕೆಂಡರಿ ಅದನ್ನು ಪಡೆದ ಮೇಲೆ ಸರಿಯಾದ ಸಂಖ್ಯೆಗೆ ಮರಳಿದೆ. ಸೀರಿಯಲ್ ಲೆಕ್ಕ ಗಡಿಯಾರದಂತೆ ಸುತ್ತು ಬರುವುದರಿಂದ ಇದು ಸಾಧ್ಯ. ಪರದೆಯ ಬಟನ್ ಒತ್ತಿ ಅಭ್ಯಾಸವಾದವರಿಗೆ ಇದು ಹೊಳೆಯುತ್ತಿತ್ತೇ?

ಹುಬ್ಬಳ್ಳಿಯ ಸಹಕಾರ ಸಂಘವೊಂದರ ಐಟಿ ವಿಭಾಗದವಳು:
ಬೈಂಡ್ ವಿಷಯ ಹಾಗಿರಲಿ. ಪ್ರಶ್ನೆ ಕೇಳಿದವರ ಡಿಎಚ್‌ಸಿಪಿಗೆ 2022ರಲ್ಲೇ ಬೆಂಬಲ ನಿಂತಿದೆ, ಅದನ್ನು ಯಾರೂ ಎತ್ತಲಿಲ್ಲ. ನಾನು ಅದೇ ಕಾರಣಕ್ಕೆ ಐಎಸ್‌ಸಿಯವರದೇ ಹೊಸ ಡಿಎಚ್‌ಸಿಪಿ ತಂತ್ರಾಂಶವಾದ ಕೀಆ ಸರ್ವರ್‌ಗೆ ಬಂದೆ, ಮೇಲೆ ಸ್ಟೋರ್ಕ್ ಎಂಬ ವೆಬ್ ಪರದೆ ಹಾಕಿದೆ. ಮೊದಲ ಎರಡು ವರ್ಷ ಆ ಪರದೆ ನನಗೆ ನೋಡುವುದಕ್ಕಷ್ಟೇ ಆಗಿತ್ತು. ಪರದೆಯಿಂದ ರಿಸರ್ವೇಶನ್ (ಒಂದು ಯಂತ್ರಕ್ಕೆಂದೇ ಕಾಯ್ದಿರಿಸಿದ ವಿಳಾಸ) ಸೇರಿಸಲು ಬೇಕಾದ ಹುಕ್ (ಕೀಆಗೆ ಜೋಡಿಸುವ ಹೆಚ್ಚುವರಿ ಭಾಗ) ಆಗ ದುಡ್ಡು ಕೊಟ್ಟವರಿಗೆ ಮಾತ್ರ ಸಿಗುತ್ತಿತ್ತು, ನಮ್ಮ ಆಡಳಿತ ಮಂಡಳಿ ಅದಕ್ಕೆ ಒಪ್ಪಲಿಲ್ಲ. ಒಂದು ಹೊಸ ಯಂತ್ರ ಬಂದರೆ ಸೆಟ್ಟಿಂಗ್‌ಗಳಿರುವ ಜೇಸನ್ ಫೈಲ್ ತೆರೆದು, ಆವರಣಗಳ ನಡುವೆ ಅಲ್ಪವಿರಾಮ ಬಿಟ್ಟುಹೋಗದಂತೆ ಎಣಿಸಿ, ಪರೀಕ್ಷಿಸಿ, ಸರ್ವರನ್ನು ಮರಳಿ ಎಬ್ಬಿಸಬೇಕಿತ್ತು. 2025ರಲ್ಲಿ ಕೀಆ 3.0 ಬಂದಾಗ ಆ ಹುಕ್ ಎಲ್ಲರಿಗೂ ಮುಕ್ತವಾಯಿತು. ಈಗ ನಮ್ಮ ಕಚೇರಿಯ ಗುಮಾಸ್ತರೇ ರಿಸರ್ವೇಶನ್ ಹಾಕುತ್ತಾರೆ.

ನನ್ನ ತಪ್ಪೊಂದನ್ನೂ ಹೇಳುತ್ತೇನೆ. ಎಪಿಐ ಮೂಲಕ, ಅಂದರೆ ನಡೆಯುತ್ತಿರುವ ಸರ್ವರಿಗೆ ನೇರ ಆದೇಶವಾಗಿ, ಹೊಸ ಸಬ್‌ನೆಟ್ (ವಿಳಾಸಗಳ ಗುಂಪು) ಕಳುಹಿಸಿದೆ, ಕೂಡಲೇ ಕೆಲಸ ಮಾಡಿತು, ಖುಷಿಯಾಯಿತು. ಅದನ್ನು ಫೈಲಿಗೆ ಬರೆಯುವ ಕಾನ್ಫಿಗ್-ರೈಟ್ ಆದೇಶ ಕೊಡದೆ ಬಿಟ್ಟಿದ್ದೆ. ಮೂರು ವಾರಗಳ ನಂತರ ಯುಪಿಎಸ್ ಕೈಕೊಟ್ಟು ಸರ್ವರ್ ಮರಳಿ ಎದ್ದಾಗ ಆ ಸಬ್‌ನೆಟ್ ಇರಲೇ ಇಲ್ಲ, ಏಕೆಂದರೆ ಅದು ಮೆಮೊರಿಯಲ್ಲಿತ್ತೇ ಹೊರತು ಫೈಲಿನಲ್ಲಿರಲಿಲ್ಲ.

ಶಿರಸಿಯಲ್ಲಿ ವಿದ್ಯಾರ್ಥಿನಿಲಯ ನಡೆಸುವವರು:
ಇಷ್ಟೆಲ್ಲ ಭಾರ ಹೊರುವುದಕ್ಕಿಂತ ನಾನು ಮಾಡಿದಂತೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಪೈ-ಹೋಲ್ (ಡಿಎನ್‌ಎಸ್, ಡಿಎಚ್‌ಸಿಪಿ ಎರಡನ್ನೂ ವೆಬ್ ಪರದೆಯಿಂದ ನಡೆಸುವ ತಂತ್ರಾಂಶ) ಹಾಕುವುದು ಸುಲಭ. ಎಸ್‌ಡಿ ಕಾರ್ಡು ಎರಡು ಸಲ ಸತ್ತಿತು, ತಲಾ 650 ರೂಪಾಯಿ. ಈಗ ಎಸ್‌ಎಸ್‌ಡಿ ಹಾಕಿದ್ದೇನೆ, ಅದಕ್ಕೆ ಕೇಬಲ್ ಸೇರಿ 2,900 ಆಯಿತು. 2025ರಲ್ಲಿ ಆರನೆಯ ಆವೃತ್ತಿಗೆ ಏರಿಸಿದ ರಾತ್ರಿ ನಾನು ಕೈಯಾರೆ ಬರೆದ ಡಿಎನ್‌ಎಸ್-ಮಾಸ್ಕ್ (ಪೈ-ಹೋಲ್‌ನ ಒಳಗಿರುವ ತಂತ್ರಾಂಶ) ಸೆಟ್ಟಿಂಗ್ ಫೈಲುಗಳನ್ನು ಅದು ಓದುವುದನ್ನೇ ನಿಲ್ಲಿಸಿತು. ಹೊಸ ಆವೃತ್ತಿಯಲ್ಲಿ ಆ ಫೋಲ್ಡರ್ ಬೇಕಾದರೆ ನಾವೇ ಸೆಟ್ಟಿಂಗ್‌ನಲ್ಲಿ ಹೇಳಬೇಕು, ಸೂಚನೆಯನ್ನು ಓದದಿದ್ದುದು ನನ್ನ ತಪ್ಪು. ನನಗೆ ನಿಜವಾಗಿ ಕಾಟ ಕೊಟ್ಟದ್ದು ಹುಡುಗರ ಫೋನುಗಳು. ಆಂಡ್ರಾಯ್ಡ್ 10 ಮತ್ತು ಐಒಎಸ್ 14ರ ನಂತರ ಫೋನು ಸಾಮಾನ್ಯವಾಗಿ ತನ್ನ ನಿಜವಾದ ಮ್ಯಾಕ್ ವಿಳಾಸ (ರಿಸರ್ವೇಶನ್‌ಗೆ ಬೇಕಾದ, ಯಂತ್ರದ ಗುರುತು ಸಂಖ್ಯೆ) ಹೇಳುವುದಿಲ್ಲ. ಆ ಸಂಖ್ಯೆಯ ಎರಡನೆಯ ಅಂಕಿ 2, 6, ಎ, ಇ ಆಗಿದ್ದರೆ ಅದು ಕಟ್ಟಿದ ವಿಳಾಸವೆಂದು ತಿಳಿಯಬೇಕು. ಒಂದೊಂದು ಫೋನಿಗೂ ರಿಸರ್ವೇಶನ್ ಹಾಕುತ್ತಾ ಒಂದು ಬೇಸಿಗೆ ರಜೆ ಪೂರ್ತಿ ಹಾಳಾಯಿತು. ಕೊನೆಗೆ ಲೀಸ್ ಅವಧಿಯನ್ನು ಎರಡು ಗಂಟೆಗೆ ಇಳಿಸಿ ಸುಮ್ಮನಾದೆ.

ಮೈಸೂರಿನ ನೆಟ್‌ವರ್ಕ್ ಎಂಜಿನಿಯರ್:
ಕಾಲೇಜಿನ ಮೂರು ಲ್ಯಾಬುಗಳ ಭಾರವನ್ನು ಎಸ್‌ಡಿ ಕಾರ್ಡಿನ ಮೇಲೆ ಇಡಿರೆಂದು ಹೇಳುವುದು ಜವಾಬ್ದಾರಿಯ ಮಾತಲ್ಲ.

ಶಿರಸಿಯಲ್ಲಿ ವಿದ್ಯಾರ್ಥಿನಿಲಯ ನಡೆಸುವವರು:
ಎಸ್‌ಎಸ್‌ಡಿ ಎಂದು ಬರೆದಿದ್ದೇನೆ, ಓದದೆ ಆಪಾದನೆ ಮಾಡಬೇಡಿ. ಹನ್ನೊಂದು ದಿನ ಸೆಕೆಂಡರಿ ಸತ್ತದ್ದು ಗೊತ್ತಾಗದವರಿಂದ ನಾನು ಜವಾಬ್ದಾರಿಯ ಪಾಠ ಕೇಳಬೇಕಾಗಿಲ್ಲ.

ಬೆಂಗಳೂರಿನಿಂದ ಒಬ್ಬರು:
ಜಗಳ ಆಮೇಲೆ ಆಡಿ. ಪರದೆ ಯಾವುದೇ ಇರಲಿ, ಒಳಗಿನ ಝೋನ್ ಹೆಸರು ‘ಡಾಟ್ ಲೋಕಲ್’ ಎಂದು ಮುಗಿಯುತ್ತಿದ್ದರೆ ಈಗಲೇ ಬದಲಿಸಿ. 2013ರಿಂದ ಆ ಹೆಸರು ಮಲ್ಟಿಕಾಸ್ಟ್ ಡಿಎನ್‌ಎಸ್‌ಗೆ ಮೀಸಲು, ಆದ್ದರಿಂದ ಆಪಲ್‌ನ ಮ್ಯಾಕ್ ಕಂಪ್ಯೂಟರ್‌ಗಳು ನಿಮ್ಮ ಸರ್ವರನ್ನು ಕೇಳದೆ ಅಕ್ಕಪಕ್ಕದವರನ್ನು ಕೂಗಿ ಕೇಳುತ್ತವೆ. ಒಳಬಳಕೆಗೆಂದೇ ‘ಡಾಟ್ ಇಂಟರ್ನಲ್’ ಅನ್ನು ಇಂಟರ್ನೆಟ್ ಹೆಸರುಗಳನ್ನು ನೋಡಿಕೊಳ್ಳುವ ಸಂಸ್ಥೆ ಐಕ್ಯಾನ್ 2024ರಲ್ಲಿ ಮೀಸಲಿಟ್ಟಿದೆ.

ದಾವಣಗೆರೆಯ ಕಾಲೇಜು ಸಿಸ್ಟಮ್ ಅಡ್ಮಿನ್:
ಹೇಳುವುದು ಸುಲಭ. ನಮ್ಮಲ್ಲಿ ಹದಿನೈದು ವರ್ಷಗಳಿಂದ ‘ಲೋಕಲ್’ ಇದೆ, ವಿಂಡೋಸ್ ಡೊಮೇನ್ ಅದರ ಮೇಲೆ ನಿಂತಿದೆ. ಅದನ್ನು ಕಿತ್ತು ಹಾಕುವ ಕೂಲಿ ಯಾರು ಕೊಡುತ್ತಾರೆ?

ತೀರ್ಥಹಳ್ಳಿ ಕಡೆಯ ಪಾಲಿಟೆಕ್ನಿಕ್ ಬೋಧಕ:
ಎಲ್ಲರಿಗೂ ವಂದನೆಗಳು. ಇಂದು ಹಿರಿಯರ ಡಿಎಚ್‌ಸಿಪಿ ಫೈಲನ್ನು ಪೂರ್ತಿ ಓದಿದೆ. ಪ್ರತಿ ರಿಸರ್ವೇಶನ್ ಮೇಲೂ ಅವರು ಟಿಪ್ಪಣಿ ಬರೆದಿದ್ದಾರೆ: ‘ಲ್ಯಾಬ್ 2, ಕಿಟಕಿ ಪಕ್ಕ, 2014ರಲ್ಲಿ ಮದರ್‌ಬೋರ್ಡ್ ಬದಲಾಗಿದೆ.’ ಕೀಆಗೆ ಹೋದರೆ ಈ ಟಿಪ್ಪಣಿಗಳು ಉಳಿಯುತ್ತವೆಯೇ ಮೇಡಂ?

ಹುಬ್ಬಳ್ಳಿಯ ಸಹಕಾರ ಸಂಘವೊಂದರ ಐಟಿ ವಿಭಾಗದವಳು:
ತಾವಾಗಿ ಉಳಿಯುವುದಿಲ್ಲ. ಕೀಆ ಫೈಲಿನಲ್ಲಿ ಹ್ಯಾಶ್ ಹಾಕಿ ಟಿಪ್ಪಣಿ ಬರೆಯಬಹುದು, ಆದರೆ ಕಾನ್ಫಿಗ್-ರೈಟ್ ಕೊಟ್ಟ ಕ್ಷಣ ಅವೆಲ್ಲ ಅಳಿಸಿಹೋಗುತ್ತವೆ. ಯೂಸರ್-ಕಾಂಟೆಕ್ಸ್ಟ್ ಎಂಬ ಜಾಗವಿದೆ, ಅಲ್ಲಿ ಬರೆದದ್ದನ್ನು ಸರ್ವರ್ ಕಾಪಾಡುತ್ತದೆ. ನಮ್ಮ 140 ರಿಸರ್ವೇಶನ್‌ಗಳ ಟಿಪ್ಪಣಿಗಳನ್ನು ನಾನು ಎರಡು ಸಂಜೆ ಕುಳಿತು ಅಲ್ಲಿಗೆ ಸಾಗಿಸಿದೆ, ಹಳೆಯ ಫೈಲನ್ನು ಮುದ್ರಿಸಿ ಪಕ್ಕದಲ್ಲಿಟ್ಟುಕೊಂಡು. ನಿಮ್ಮ ಹಿರಿಯರು ಮಾರ್ಚ್‌ವರೆಗೆ ಇರುತ್ತಾರಲ್ಲ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಈ ಕೆಲಸ ಮಾಡಿ, ಏಕೆಂದರೆ ನಮ್ಮ ಟಿಪ್ಪಣಿಗಳಲ್ಲಿ ಹತ್ತು ಹನ್ನೆರಡರ ಅರ್ಥ ಬರೆದವರಿಗೆ ಬಿಟ್ಟು ಬೇರೆ ಯಾರಿಗೂ ತಿಳಿಯಲಿಲ್ಲ.