ಟೊಮೆಟೊ ಚೀಟಿಯನ್ನು ಲಿಂಕ್ ಒಳಗೇ ಕಳಿಸುವುದು: ಕನ್ನಡ ಪಠ್ಯ ಯಾಕಿಷ್ಟು ಉದ್ದವಾಗುತ್ತದೆ?

ಮಂಡಿಪುಟ:
ಕೋಲಾರ ಎಪಿಎಂಸಿಯ ಒಂದು ಟೊಮೆಟೊ ಮಂಡಿಗೆ ಸಣ್ಣ ವೆಬ್ ಪುಟ ಮಾಡುತ್ತಿದ್ದೇನೆ. ಹರಾಜು ಮುಗಿದ ಕೂಡಲೇ ರೈತರ ಫೋನಿಗೆ ಚೀಟಿಯ ಲಿಂಕ್ ಹೋಗಬೇಕು. ಅದರಲ್ಲಿ ಹೆಸರು, ಊರು, ದಿನಾಂಕ, ಲಾಟ್‌ವಾರು 15 ಕೆಜಿ ಬಾಕ್ಸ್‌ಗಳ ಎಣಿಕೆ, ದರ, ಗಾಡಿ ಬಾಡಿಗೆ, ಮುಂಗಡ ಇರಬೇಕು. ಡೇಟಾಬೇಸ್ ಇಲ್ಲ, ಎಲ್ಲ ಲಿಂಕ್‌ನಲ್ಲೇ ಕೂರಬೇಕು. ಜೇಸನ್ (ಪ್ರತಿ ಮಾಹಿತಿಗೂ ಕೀ ಎಂಬ ಹೆಸರು ಕೊಟ್ಟು ಬರೆಯುವ ಪಠ್ಯರೂಪ) ಆಗಿ ಕಳಿಸಿದರೆ ಬರೀ ಶೇಕಡಾ (%) ಗುರುತುಗಳ ಸಾಲು. ಬೇಸ್64 (ಬೈಟ್‌ಗಳನ್ನು 64 ಅಕ್ಷರಗಳಲ್ಲಿ ಬರೆಯುವ ರೂಪ) ಮಾಡಿಕೊಡುವ ಬಿಟುಎ (btoa) ಫಂಕ್ಷನ್‌ಗೆ ಕನ್ನಡ ಕೊಟ್ಟರೆ ದೋಷ ಎಸೆಯುತ್ತದೆ. ಜಿಜಿಪ್ ಸಂಕುಚನ ಮಾಡಿ ಬೇಸ್64ಕ್ಕೆ ಹಾಕಿದೆ. ಸಣ್ಣ ಚೀಟಿಗೆ ಲಾಭವೇ ಕಾಣುತ್ತಿಲ್ಲ, ಜೊತೆಗೆ ಕೆಲವು ಲಿಂಕ್‌ಗಳು ಮಾತ್ರ ತೆರೆದಾಗ ಕೆಟ್ಟಿರುತ್ತವೆ. ಎಲ್ಲಿ ಸರಿಮಾಡಬೇಕು?

ಬೈಟ್‌ಲೆಕ್ಕ:
ಮೊದಲು ಕೆಟ್ಟ ಲಿಂಕ್‌ಗಳ ವಿಷಯ. ಮಾಮೂಲಿ ಬೇಸ್64ರಲ್ಲಿ + ಮತ್ತು / ಇರುತ್ತವೆ. ? ನಂತರದ ಭಾಗವನ್ನು ಬ್ರೌಸರ್ ಓದುವಾಗ + ಖಾಲಿ ಜಾಗವಾಗುತ್ತದೆ. ಬೇಸ್64 ಬಿಡಿಸುವ ಎಟುಬಿ (atob) ಫಂಕ್ಷನ್ ಆ ಖಾಲಿ ಜಾಗವನ್ನು ಸದ್ದಿಲ್ಲದೆ ಬಿಟ್ಟು ಮುಂದಕ್ಕೆ ಹೋಗುತ್ತದೆ, ಅಲ್ಲಿಂದಾಚೆಯ ಬಿಟ್‌ಗಳೆಲ್ಲ ಜಾರುತ್ತವೆ. ಯಾವ ಚೀಟಿಯಲ್ಲಿ + ಬಂತೋ ಅದು ಮಾತ್ರ ಹಾಳು. ಆರ್‌ಎಫ್‌ಸಿ 4648 ಎಂಬ ಮಾನಕದ ಯುಆರ್‌ಎಲ್ ಬಗೆಯನ್ನು ಬಳಸಿ: + ಜಾಗದಲ್ಲಿ -, / ಜಾಗದಲ್ಲಿ _, ಕೊನೆಯ = ತೆಗೆದುಹಾಕಿ. ಬಿಟುಎ ದೋಷಕ್ಕೆ ಕಾರಣ ಬೇರೆ: ಅದು 255ರವರೆಗಿನ ಸಂಕೇತಗಳನ್ನಷ್ಟೇ (ಪ್ರತಿ ಅಕ್ಷರಕ್ಕೆ, ಕಾಗುಣಿತ ಚಿಹ್ನೆಗೆ ಯೂನಿಕೋಡ್ ಕೊಟ್ಟ ಸಂಖ್ಯೆ) ಒಪ್ಪುತ್ತದೆ. ಪಠ್ಯವನ್ನು ಮೊದಲು ಬೈಟ್‌ಗಳಾಗಿಸಿ ಆಮೇಲೆ ಕೊಡಬೇಕು.

ಇನ್ನು ಉದ್ದ. ಪಠ್ಯವನ್ನು ಬೈಟ್ ಆಗಿಸುವ ಯುಟಿಎಫ್-8 ವಿಧಾನದಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟ್, ಲಿಂಕ್‌ನಲ್ಲಿ ಪ್ರತಿ ಬೈಟ್‌ಗೆ ಶೇಕಡಾ ಗುರುತು ಸೇರಿ 3 ಅಕ್ಷರ. 'ಹೆಸರು' ಎಂಬ ಜೇಸನ್ ಕೀ ಒಂದೇ 45 ಅಕ್ಷರ ತಿನ್ನುತ್ತದೆ. ಜಿಜಿಪ್‌ನ ತಲೆ-ಬಾಲಕ್ಕೇ 18 ಬೈಟ್, ಅಂದರೆ ಬೇಸ್64ರಲ್ಲಿ 24 ಅಕ್ಷರ. ಬರೀ ಡಿಫ್ಲೇಟ್ (ಜಿಜಿಪ್ ಒಳಗಿನ ಸಂಕುಚನ ವಿಧಾನ) ಬಳಸಿದರೆ ಅಷ್ಟು ಉಳಿಯುತ್ತದೆ, ಆದರೂ ಸಾಲದು. ಕನ್ನಡದ ಪ್ರತಿ ಸಂಕೇತ 224, 178 ಅಥವಾ 224, 179 ಎಂಬ ಎರಡು ಬೈಟ್‌ಗಳಿಂದ ಶುರುವಾಗುತ್ತದೆ. ಡಿಫ್ಲೇಟ್ ಪುನರಾವರ್ತನೆ ಹಿಡಿಯಬೇಕಾದರೆ ಕನಿಷ್ಠ 3 ಬೈಟ್ ಹೊಂದಬೇಕು, ಹಾಗಾಗಿ ಈ ಜೋಡಿಯೊಂದೇ ಅದರ ಕೈಗೆ ಸಿಗುವುದಿಲ್ಲ. ಸಣ್ಣ ಪಠ್ಯಕ್ಕೆ ಸಾಮಾನ್ಯವಾಗಿ ಅದು ಆರಿಸಿಕೊಳ್ಳುವ ಸಿದ್ಧ ಹಫ್‌ಮನ್ ಪಟ್ಟಿಯಲ್ಲಿ (ಯಾವ ಬೈಟ್‌ಗೆ ಎಷ್ಟು ಬಿಟ್ ಎಂದು ಹೇಳುವ ಪಟ್ಟಿ) 144ರಿಂದ 255ರವರೆಗಿನ ಬೈಟ್‌ಗೆ 9 ಬಿಟ್ ಬೇರೆ. ಇಂಗ್ಲಿಷ್ ಪಠ್ಯಕ್ಕೆ ಈ ದಂಡವಿಲ್ಲ.

ಆದ್ದರಿಂದ ಸಂಕುಚನಕ್ಕೆ ಮುಂಚೆಯೇ ಕಟ್ಟಿಕೊಳ್ಳಿ. ಕನ್ನಡದ ಸಂಕೇತಗಳು 3200ರಿಂದ 3327ರವರೆಗೆ ಇವೆ. 3072 ಕಳೆದರೆ 128ರಿಂದ 255, ಒಂದೇ ಬೈಟ್. 127ರವರೆಗಿನ ಅಂಕಿ, ಇಂಗ್ಲಿಷ್ ಅಕ್ಷರ ಇದ್ದಂತೇ ಇರಲಿ. 'ವೇಮಗಲ್' ಶೇಕಡಾ ರೂಪದಲ್ಲಿ 54 ಅಕ್ಷರ, ಯುಟಿಎಫ್-8ರಿಂದ ಬೇಸ್64ಕ್ಕೆ ಹೋದರೆ 24, ಹೀಗೆ ಕಟ್ಟಿದರೆ 8. ಮರೆಯಬಾರದ್ದು: ಅರ್ಧಾಕ್ಷರ ಬಿಡಿಸಿ ತೋರಿಸುವ ಕಾಣದ ಸಂಕೇತ 8204, ಅದರ ಜೋಡಿ 8205, ರೂಪಾಯಿ ಚಿಹ್ನೆ 8377 ಈ ವ್ಯಾಪ್ತಿಯ ಹೊರಗಿವೆ. ಅವಕ್ಕೆ 1, 2, 3 ಎಂಬ ನಿಯಂತ್ರಣ ಬೈಟ್ ಮೀಸಲಿಡಿ. ಇಲ್ಲವಾದರೆ 'ಫಾರ್ಮ್‌ಹೌಸ್' ಥರದ ಪದ ಬಂದ ದಿನ ಚೀಟಿ ತೆರೆಯುವುದಿಲ್ಲ. ಕಟ್ಟುವ ಮುಂಚೆ ಎನ್‌ಎಫ್‌ಸಿ (ಒಡೆದ ತುಂಡುಗಳನ್ನು ಒಂದು ಸಂಕೇತವಾಗಿ ಸೇರಿಸುವ ಯೂನಿಕೋಡ್ ರೂಪ) ರೂಪಕ್ಕೆ ತನ್ನಿ. 'ೋ' ಬೇರೆ ಬೇರೆ ಕೀಬೋರ್ಡ್‌ಗಳಿಂದ ಒಂದು ಸಂಕೇತವಾಗಿಯೂ ಬರಬಹುದು, ಒಡೆದ ತುಂಡುಗಳಾಗಿಯೂ ಬರಬಹುದು.

ಶಿಡ್ಲಘಟ್ಟ_ಜೆಎಸ್:
ಮೇಲಿನವರು ಹೇಳಿದ್ದು ಪಠ್ಯದ ಮಾತು. ಈ ಚೀಟಿಯಲ್ಲಿ ಅರ್ಧಕ್ಕರ್ಧ ಅಂಕಿಗಳೇ, ಜೇಸನ್ ಯಾಕೆ ಬೇಕು? ಕ್ರಮ ಗೊತ್ತಿದ್ದರೆ ಕೀಗಳೇ ಬೇಡ. ಲೆಕ್ಕ ಹಾಕಿ: ಆವೃತ್ತಿ 1 ಬೈಟ್, 'ರಾಮಣ್ಣ' ಉದ್ದ ಸೇರಿ 7, 'ವೇಮಗಲ್' 7, 2020ರ ಜನವರಿ 1ರಿಂದ ಎಷ್ಟನೇ ದಿನ ಎಂಬುದಕ್ಕೆ 2, ಲಾಟ್ ಎಷ್ಟು ಎಂಬುದಕ್ಕೆ 1, ನಾಲ್ಕು ಲಾಟ್‌ಗೆ ತಲಾ 3, ಒಟ್ಟು 12, ಬಾಡಿಗೆ, ಮುಂಗಡಕ್ಕೆ 4, ಸಿಆರ್‌ಸಿ-16ಕ್ಕೆ (ಲಿಂಕ್ ಕೆಟ್ಟಿದೆಯೇ ಎಂದು ನೋಡುವ ತಾಳೆ ಸಂಖ್ಯೆ) 2. ಒಟ್ಟು 36 ಬೈಟ್, 48 ಅಕ್ಷರ. ಅಂಕಿಗಳನ್ನು ವೇರಿಂಟ್ ರೂಪದಲ್ಲಿಡಿ: 127ರವರೆಗೆ ಒಂದು ಬೈಟ್, 16383ರವರೆಗೆ ಎರಡು, ಮೇಲಾದರೆ ತಾನೇ ಮೂರಾಗುತ್ತದೆ. ಮೊತ್ತ ಕಳಿಸಬೇಡಿ, ಪುಟವೇ ಗುಣಿಸಿಕೊಳ್ಳಲಿ.

ಊರಿನ ಹೆಸರಿಗೆ ಕ್ರಮಸಂಖ್ಯೆ ಕೊಡುವ ಆಸೆ ಬರುತ್ತದೆ. 7 ಬೈಟ್ 2 ಆಗುತ್ತದೆ, 48 ಅಕ್ಷರ 42ಕ್ಕೆ ಇಳಿಯುತ್ತದೆ. ನನ್ನ ಪ್ರಕಾರ ಆ ಆರು ಅಕ್ಷರಕ್ಕಾಗಿ ಅದು ಬೇಡ. ಯಾರಾದರೂ ಪಟ್ಟಿಯನ್ನು ಅಕಾರಾದಿಯಲ್ಲಿ ಜೋಡಿಸಿದ ದಿನ ಹಳೆಯ ಚೀಟಿಗಳಲ್ಲೆಲ್ಲ ಊರು ಬದಲಾಗುತ್ತದೆ, ಸಿಆರ್‌ಸಿ ಸರಿ ಅಂತಲೇ ಹೇಳುತ್ತದೆ.

ಮಾಹಿತಿಯನ್ನು # ನಂತರ ಇಡಿ. ಆ ಭಾಗವನ್ನು ಬ್ರೌಸರ್ ಸರ್ವರ್‌ಗೆ ಕಳಿಸುವುದಿಲ್ಲ, ಹಾಗಾಗಿ ರೈತರ ಹೆಸರು, ದುಡ್ಡು ಲಾಗ್‌ನಲ್ಲಿ ಕೂರುವುದಿಲ್ಲ.

ಮುಳಬಾಗಿಲು_ಕ್ಯೂಆರ್:
ಎಸ್‌ಎಂಎಸ್‌ಗೂ ಕಳಿಸುವುದಾದರೆ ಗಮನಿಸಿ: ಸಂದೇಶದಲ್ಲಿ ಒಂದೇ ಒಂದು ಕನ್ನಡ ಅಕ್ಷರವಿದ್ದರೂ ಮಿತಿ 160ರಿಂದ 70ಕ್ಕೆ ಬೀಳುತ್ತದೆ; ತುಂಡಾದರೆ ಒಂದೊಂದಕ್ಕೆ 67. ಲಿಂಕ್ ಜೊತೆ ಕನ್ನಡದ ಒಂದು ಸಾಲು ಹಾಕಿದರೆ ಎರಡು ತುಂಡು ಖಚಿತ. ಆ ಖರ್ಚು ಮಾಡಿ, ರೈತರಿಗೆ ಓದಲು ಬರುವ ಸಾಲು ಇರಲೇಬೇಕು. - ಮತ್ತು _ ಒಂದೊಂದೇ ಜಾಗ ತೆಗೆದುಕೊಳ್ಳುತ್ತವೆ. ~ ಮಾತ್ರ ಬಳಸಬೇಡಿ, 160ರ ಲೆಕ್ಕದಲ್ಲಿ ಅದು ಎರಡು.

ಕಾಗದದ ಚೀಟಿ ಮೇಲೆ ಕ್ಯೂಆರ್ ಮುದ್ರಿಸುವುದಾದರೆ ಬೇಸ್64ಕ್ಕಿಂತ ದೊಡ್ಡಕ್ಷರದ ಬೇಸ್32 ಒಳ್ಳೆಯದು. 36 ಬೈಟ್ 58 ಅಕ್ಷರವಾಗಿ ಉದ್ದ ಕಂಡರೂ ಕ್ಯೂಆರ್‌ನ ಅಕ್ಷರಾಂಕಿ ವಿಧಾನದಲ್ಲಿ ತಲಾ 5.5 ಬಿಟ್, ಒಟ್ಟು 319. ಬೇಸ್64ರ 48 ಅಕ್ಷರಕ್ಕೆ ತಲಾ 8ರಂತೆ 384. # ಆ ವಿಧಾನದ 45 ಅಕ್ಷರಗಳಲ್ಲಿ ಇಲ್ಲ. ಅಲ್ಲಿಯವರೆಗೆ ಬೈಟ್ ವಿಧಾನ, ನಂತರ ಅಕ್ಷರಾಂಕಿ ಎಂದು ಎರಡು ಭಾಗ ಮಾಡಿ. ಚಿಕ್ಕ ಕ್ಯೂಆರ್‌ನಲ್ಲಿ ಈ ವಿಧಾನ ಬದಲಾವಣೆಗೆ 13 ಬಿಟ್ ಹೋಗುತ್ತದೆ, ಆದರೂ ಉಳಿತಾಯವೇ.

ಮಂಡಿಪುಟ:
ತುಂಬ ಉಪಕಾರವಾಯಿತು. ಮುಂದೆ ಷರಾ ಎಂದು ನಾಲ್ಕೈದು ಸಾಲು ಸೇರಿಸಬೇಕಾದರೆ? ಯಾರಾದರೂ ಲಿಂಕ್ ತಿದ್ದಿ ದರ ಬದಲಾಯಿಸಿದರೆ?

ಬೈಟ್‌ಲೆಕ್ಕ:
ಷರಾವನ್ನೂ ಮೊದಲು ಒಂದು ಬೈಟ್‌ಗೆ ಕಟ್ಟಿ, ಆಮೇಲೆ ಬರೀ ಡಿಫ್ಲೇಟ್ ಮಾಡಿ ನೋಡಿ. ಚಿಕ್ಕದಾದರೆ ಮಾತ್ರ ಅದನ್ನು ಇಟ್ಟುಕೊಳ್ಳಿ, ಯಾವುದು ಎಂಬುದನ್ನು ಆವೃತ್ತಿ ಬೈಟ್‌ನ ಒಂದು ಬಿಟ್ ಹೇಳಲಿ. ಬಿಡಿಸುವಾಗ 4000 ಬೈಟ್ ದಾಟಿದರೆ ನಿಲ್ಲಿಸಿ. ಬೇಕೆಂದೇ ಹೆಣೆದ ಸಣ್ಣ ಲಿಂಕ್ ಸಾವಿರ ಪಟ್ಟು ಉಬ್ಬಬಲ್ಲದು.

ತಿದ್ದುವವರನ್ನು ಸಿಆರ್‌ಸಿ ತಡೆಯುವುದಿಲ್ಲ, ಅದು ತುಂಡಾದ ಲಿಂಕ್ ಪತ್ತೆಗೆ ಮಾತ್ರ. ಲಿಂಕ್ ತೋರಿಸಿ ದುಡ್ಡು ಎಣಿಸುವುದಾದರೆ ಸರ್ವರ್ ಬೇಕೇಬೇಕು, ಆಗ ಊಹಿಸಲಾಗದ ಚಿಕ್ಕ ಗುರುತು ಕಳಿಸಿದರೆ ಸಾಕು. ಮಂಡಿಯ ಪುಸ್ತಕವೇ ಪ್ರಮಾಣ, ಲಿಂಕ್ ಮಾಹಿತಿಗಷ್ಟೇ ಎನ್ನುವುದಾದರೆ ಆ ಮಾತನ್ನು ಪುಟದ ಮೇಲೆ ದಪ್ಪಕ್ಷರದಲ್ಲಿ ಬರೆಯಿರಿ.