ರಜೆ ಕೇಳುವುದು ಸ್ವಾರ್ಥವೇ? ಆರೈಕೆಯ ಕೆಲಸದಲ್ಲಿರುವವರಿಗೆ ಒಂದು ಪ್ರಶ್ನೆ

ಪ್ರಶ್ನೆ:
ಹಾಸಿಗೆ ಹಿಡಿದ ವೃದ್ಧರನ್ನು ನೋಡಿಕೊಳ್ಳುವ ಕೆಲಸದಲ್ಲಿ ಆರು ವರ್ಷಗಳಿಂದ ಇದ್ದೇನೆ. ರಾತ್ರಿ ಪಾಳಿಯಲ್ಲಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಹಾಸಿಗೆ ಹುಣ್ಣು ಆಗುವ ಮುನ್ನವೇ ಬೆನ್ನಿನ ಚರ್ಮ ಕೆಂಪೇರಿದೆಯೇ ಎಂದು ನೋಡಿ ಬರೆದಿಡುವುದು ನನಗೆ ಎಂದೂ ಹೊರೆಯೆನಿಸಿರಲಿಲ್ಲ. ಆದರೆ ಕಳೆದ ವಾರ ಒಬ್ಬ ಅಜ್ಜಿ ಒಂದೇ ಮಾತನ್ನು ಹತ್ತನೆಯ ಸಲ ಕೇಳಿದಾಗ, ಉತ್ತರಿಸದೆ, ಹೊದಿಕೆ ಸರಿಪಡಿಸುವ ನೆಪದಲ್ಲಿ ಮುಖ ತಿರುಗಿಸಿಕೊಂಡೆ. ಆ ಗಳಿಗೆ ಇನ್ನೂ ಚುಚ್ಚುತ್ತಿದೆ. ಬಿಡುವು ಬೇಕೆಂಬುದು ಗೊತ್ತು. ಆದರೆ ನಾನು ಬಾರದಿದ್ದರೆ ನನ್ನ ಪಾಲಿನ ಕೆಲಸ ಈಗಾಗಲೇ ದಣಿದಿರುವ ಸಹೋದ್ಯೋಗಿಯ ಹೆಗಲೇರುತ್ತದೆ. ಇದು ಸ್ವಾರ್ಥವಲ್ಲವೇ?

ಉತ್ತರ 1 (ಶುಶ್ರೂಷಕಿ):
ಅಲ್ಲ. ವಿಶ್ವ ವೈದ್ಯಕೀಯ ಸಂಘವು ವೈದ್ಯರ ಪ್ರತಿಜ್ಞೆಯಾದ ಜಿನೀವಾ ಘೋಷಣೆಯನ್ನು 2017ರಲ್ಲಿ ಪರಿಷ್ಕರಿಸಿದಾಗ, ಉನ್ನತ ಮಟ್ಟದ ಆರೈಕೆ ನೀಡುವ ಸಲುವಾಗಿ ತಮ್ಮ ಆರೋಗ್ಯವನ್ನೂ ಕ್ಷೇಮವನ್ನೂ ಕಾಪಾಡಿಕೊಳ್ಳುವ ವಚನವನ್ನು ಸೇರಿಸಿತು. ಗಮನಿಸಿ, ಅದು ಅಲ್ಲಿ ರಿಯಾಯಿತಿಯಾಗಿ ಬಂದಿಲ್ಲ. ರೋಗಿಯ ಗುಟ್ಟು ಕಾಯುವಂಥ ಕರ್ತವ್ಯಗಳ ಪಂಕ್ತಿಯಲ್ಲೇ ಕುಳಿತಿದೆ. ವೈದ್ಯರಿಗೆ ಸಲ್ಲುವ ಮಾತು ರಾತ್ರಿಯಿಡೀ ಎಚ್ಚರವಿರುವ ನಮಗೆ ಸಲ್ಲದೆ?

ಉತ್ತರ 2 (ಪಾಳಿ ಪಟ್ಟಿ ಸಿದ್ಧಪಡಿಸುವವನು):
ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೆಯ ಆವೃತ್ತಿಯು ಬರ್ನ್‌ಔಟ್ ಅನ್ನು ಕಾಯಿಲೆಯೆಂದು ಕರೆಯದೆ, ಸರಿಯಾಗಿ ನಿಭಾಯಿಸದ ದೀರ್ಘಕಾಲದ ಕೆಲಸದ ಒತ್ತಡದಿಂದ ಹುಟ್ಟುವ ಸ್ಥಿತಿಯೆಂದು ವಿವರಿಸುತ್ತದೆ. ಶಕ್ತಿ ಬತ್ತುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು ಅಥವಾ ಅದರ ಬಗ್ಗೆ ಕಹಿ ಮೂಡುವುದು, ಕೆಲಸದ ಸಾಮರ್ಥ್ಯ ಕುಗ್ಗುವುದು ಅದರ ಮೂರು ಮುಖಗಳು. ಒಮ್ಮೆ ಮುಖ ತಿರುಗಿಸಿದ ಮಾತ್ರಕ್ಕೆ ನೀವು ಅಲ್ಲಿಗೆ ಮುಟ್ಟಿದ್ದೀರಿ ಎನ್ನಲಾರೆ. ಆದರೆ ಇದೇ ಮರುಕಳಿಸಿದರೆ ತಡಮಾಡದೆ ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ಇನ್ನು ಬದಲಿ ಸಿಬ್ಬಂದಿಯ ಮಾತು: ಅವರನ್ನು ಹುಡುಕುವುದು ನನ್ನಂಥವರ ಕೆಲಸ, ನಿಮ್ಮದಲ್ಲ. ನೀವೆಲ್ಲ ಮೌನವಾಗಿ ತುಂಬಿಕೊಡುವುದರಿಂದಲೇ ಪಟ್ಟಿಯಲ್ಲಿ ಜನ ಕಡಿಮೆಯಿದ್ದಾರೆಂಬುದು ಮೇಲಿನವರ ಕಣ್ಣಿಗೆ ಬೀಳುವುದಿಲ್ಲ. ರಜೆಯನ್ನು ಬಾಯಿಮಾತಿನಲ್ಲಿ ಕೇಳದೆ, ದಿನಾಂಕ ಹಾಕಿ ಲಿಖಿತವಾಗಿ, ಮುಂಚಿತವಾಗಿ ಕೊಡಿ.

ಉತ್ತರ 3:
ಮರೆವಿನ ಕಾಯಿಲೆಯ ಅಮ್ಮನನ್ನು ಮನೆಯಲ್ಲೇ ನೋಡಿಕೊಳ್ಳುವ ನನಗೆ ಪಾಳಿಯೂ ಇಲ್ಲ, ಪಟ್ಟಿಯೂ ಇಲ್ಲ; ಅರ್ಜಿ ಬರೆಯುವುದಾದರೂ ಯಾರಿಗೆ? ತಂಗಿಗೆ ವಾರದಲ್ಲಿ ಒಂದು ಮಧ್ಯಾಹ್ನ ಒಪ್ಪಿಸುವುದಕ್ಕೇ ಎರಡು ವರ್ಷ ಹಿಂಜರಿದೆ. ಅವಳು ಔಷಧದ ಹೊತ್ತು ಹತ್ತು ನಿಮಿಷ ತಪ್ಪಿಸುತ್ತಾಳೆ, ದಿಂಬನ್ನು ನನ್ನಂತೆ ಇಡುವುದಿಲ್ಲ. ಅಮ್ಮನಿಗೆ ಏನೂ ಆಗಿಲ್ಲ. ನನ್ನಂತೆ ಯಾರೂ ನೋಡಿಕೊಳ್ಳಲಾರರೆಂಬ ಹೆಮ್ಮೆಯನ್ನೇ ನಾನು ಕರ್ತವ್ಯವೆಂದು ತಿಳಿದಿದ್ದೆನೇನೋ.

ಪ್ರಶ್ನೆ ಕೇಳಿದವರಿಂದ:
ಎಲ್ಲರಿಗೂ ಧನ್ಯವಾದ. ಮೂರು ದಿನಗಳ ರಜೆಗೆ ಅರ್ಜಿ ಕೊಟ್ಟೆ. ಕಾರಣದ ಜಾಗದಲ್ಲಿ ಮೊದಲು ‘ಜ್ವರ’ ಎಂದು ಬರೆದಿದ್ದೆ. ಅದನ್ನು ಹೊಡೆದುಹಾಕಿ ‘ವಿಶ್ರಾಂತಿ’ ಎಂದು ಬರೆದೆ.