2009ರ ಕ್ಯಾಮ್ರಿ: ಟೈರ್ ಪ್ರೆಶರ್ ಸೆನ್ಸರ್ ಒಂದೇ ಹಾಕಿಸಲೋ, ನಾಲ್ಕೂನೋ?

ಎಡಿಸನ್, ನ್ಯೂಜೆರ್ಸಿ: ಟೊಯೋಟಾ ಕ್ಯಾಮ್ರಿ, ಚಕ್ರದೊಳಗೆ ಕಂಪನಿಯಿಂದ ಬಂದ ಸೆನ್ಸರ್‌ಗಳೇ ಇನ್ನೂ ಇವೆ. ಗಾಡಿ ಶುರು ಮಾಡಿದಾಗ ಟೈರಿನ ದೀಪ ಒಂದು ನಿಮಿಷ ಮಿಣುಕಿ, ಆಮೇಲೆ ಹಾಗೇ ಉರೀತಾ ಇರುತ್ತೆ. ಗಾಳಿ ನಾಲ್ಕಕ್ಕೂ ಸರಿಯಿದೆ. ರಿಸೆಟ್ ಬಟನ್ ಒತ್ತಿ ಒತ್ತಿ ಬೆರಳು ಸವೀತು. ಒಂದು ಬದಲಿಸಿದ್ರೆ ಸಾಕಾ? ಮಾಡಿಸಿದವರು ಹೇಳಿ.

ಟ್ರಾಯ್, ಮಿಶಿಗನ್: ನಾಲ್ಕೂ ಹಾಕಿಸಿ. ನನ್ನ 2008ರದ್ದಕ್ಕೆ ಒಂದೊಂದೇ ಹಾಕಿಸಿದ ಲೆಕ್ಕ ಕೇಳಿ: ಸೆನ್ಸರ್ 72 ಡಾಲರ್, ಟೈರ್ ಬಿಚ್ಚಿ ಹಾಕಿ ಬ್ಯಾಲೆನ್ಸ್ 25, ಸೆನ್ಸರಿನ ಗುರುತು ಸಂಖ್ಯೆ (ಐಡಿ) ಗಾಡಿಗೆ ರಿಜಿಸ್ಟರ್ ಮಾಡಿಸೋಕೆ 60. ಒಂದು ಸಲಕ್ಕೆ 157, ಮೂರು ಸಲಕ್ಕೆ 471. ನಾಲ್ಕೂ ಒಟ್ಟಿಗೆ ಹಾಕಿಸಿದ್ರೆ ರಿಜಿಸ್ಟರ್ ಒಂದೇ ಸಲ, 448ಕ್ಕೆ ಮುಗೀತಿತ್ತು. ನಾಲ್ಕನೇದು ಇನ್ನೂ ಬಾಕಿ! ಸೆನ್ಸರಿನೊಳಗಿನ ಬ್ಯಾಟರಿಗಳೆಲ್ಲ ಒಂದೇ ವಯಸ್ಸಿನವು, ಒಂದರ ಹಿಂದೆ ಒಂದು ಸಾಯ್ತವೆ.

ಇಲ್ಲಿ ರಸ್ತೆಗೆ ಉಪ್ಪು ಹಾಕೋದ್ರಿಂದ ಇನ್ನೊಂದು ಪೀಡೆ. ವಾಲ್ವ್ ಅಲ್ಯೂಮಿನಿಯಂ, ಅದರೊಳಗೆ ಗಾಳಿ ತಡೆಯೋ ಪಿನ್ನು ಯಾವನೋ ಹಿತ್ತಾಳೇದು ಹಾಕಿದ್ದ. ಎರಡು ಲೋಹದ ನಡುವೆ ಉಪ್ಪುನೀರು ಕೂತು, ಬಿಳೀ ಪುಡಿ ಕಟ್ಟಿ, ಪಿನ್ ಬಿಚ್ಚೋಕೆ ಹೋದ್ರೆ ವಾಲ್ವೇ ಮುರೀತು. ನಿಕಲ್ ಲೇಪದ ಪಿನ್ನೇ ಹಾಕಿಸಿ, ಮುಚ್ಚಳ ಪ್ಲಾಸ್ಟಿಕ್ ಇರಲಿ. ಟೈರ್ ಬಿಚ್ಚಿದಾಗಲೆಲ್ಲ ರಬ್ಬರ್, ನಟ್, ಪಿನ್ ಹೊಸದು. ಟೊಯೋಟಾ ವಾಲ್ವ್ ನಟ್ಟಿಗೆ ಬಿಗಿತ 4 ನ್ಯೂಟನ್ ಮೀಟರ್ ಅಷ್ಟೆ, ಇಂಪ್ಯಾಕ್ಟ್ ಗನ್ ಹತ್ತಿರ ಸುಳಿಯೋದು ಬೇಡ.

ಪ್ಲೇನೋ, ಟೆಕ್ಸಸ್: ರಿಜಿಸ್ಟರಿಗೆ 60 ಡಾಲರ್ ಕೊಟ್ಟಿದ್ದೇ ದಂಡ. ಪ್ರೋಗ್ರಾಮ್ ಆಗೋ ಸೆನ್ಸರ್ ತಂದು ಹಳೇ ಐಡಿ ಅದಕ್ಕೆ ಬರೆಸಿದ್ರೆ ಗಾಡಿಗೆ ಬದಲಾಗಿದ್ದೇ ಗೊತ್ತಾಗಲ್ಲ. ಸೆನ್ಸರ್ ಓದೋ ಟೂಲನ್ನು ವಾಲ್ವ್ ಪಕ್ಕ ಹಿಡಿದು ಹಳೇದನ್ನ ಎಬ್ಬಿಸಿ, ಐಡಿ ಓದಿ, ಹೊಸದಕ್ಕೆ ಕಾಪಿ. ನಾಲ್ಕು ಸೆನ್ಸರ್ 120 ಡಾಲರ್, ಟೈರ್ ಕೂಲಿ 80. ನಿಮ್ಮ 2009ರ ಅಮೆರಿಕದ ಕ್ಯಾಮ್ರಿಗೆ 315 ಮೆಗಾಹರ್ಟ್ಸ್ ರೇಡಿಯೋ ಸಿಗ್ನಲ್ ಕಳಿಸೋ ಸೆನ್ಸರೇ ಬೇಕು. ಅಗ್ಗ ಅಂತ 433ರದ್ದು ತರಿಸಿದ್ರೆ ರಿಮ್‌ನಲ್ಲಿ ಸುಮ್ನೆ ಕೂತಿರುತ್ತೆ, ಟೈರ್ ಕೂಲಿ ಇನ್ನೊಂದು ಸಲ.

ಟ್ರಾಯ್, ಮಿಶಿಗನ್: ಸತ್ತ ಸೆನ್ಸರ್ ಹೇಗೆ ಸ್ವಾಮಿ ಎದ್ದು ಐಡಿ ಹೇಳುತ್ತೆ?

ಪ್ಲೇನೋ, ಟೆಕ್ಸಸ್: ಅದರ ಮೈಮೇಲೆ ಅಚ್ಚು ಹಾಕಿರ್ತಾರೆ, ಬಿಚ್ಚಿದ ಮೇಲೆ ಓದ್ಕೊಳ್ಳಿ. ಇಲ್ಲಾಂದ್ರೆ ಟೊಯೋಟಾದ ತಪಾಸಣೆ ಸಾಫ್ಟ್‌ವೇರ್ ಟೆಕ್‌ಸ್ಟ್ರೀಮ್ ಹಾಕಿ, ಗಾಡಿಯ ಕಂಪ್ಯೂಟರ್ (ಇಸಿಯು) ಒಳಗಿರೋ ಐಡಿ ಪಟ್ಟಿ ಬಿಚ್ಚೋ ಮೊದಲೇ ಬರ್ಕೊಳ್ಳಿ. 471 ಸುರಿಯೋ ಮುಂಚೆ ಅದನ್ನ ಕೇಳಬಹುದಿತ್ತು.

ಟ್ರಾಯ್, ಮಿಶಿಗನ್: ಕಾಪಿ ಮಾಲು ಎರಡು ಚಳಿಗಾಲ ಕಳೆಯಲಿ, ಆಗ ಬನ್ನಿ ಮಾತಾಡೋಣ.

ಸ್ಯಾನ್ ಹೊಸೆ: ಹೊಸ ಸೆನ್ಸರೇ ಯಾಕೆ? ಹಿಂಬದಿ ಮೇಣದಂಥ ಲೇಪ ಕೆರೆದು, ಸತ್ತ ಸೆಲ್ ಕಿತ್ತು, ಲೋಹದ ಪಟ್ಟಿ ಬೆಸೆದಿರೋ ಹೊಸದು ಕೂರಿಸಿ, ಎಪಾಕ್ಸಿ ಅಂಟು ಸುರಿದ್ರೆ ಮುಗೀತು. ಸೆಲ್ 6 ಡಾಲರ್. ಮಾಮೂಲಿ ಸಿಆರ್ ಜಾತಿಯ ಸೆಲ್ ಬೇಡ, ಟೈರಿನ ಶಾಖ ತಡೆಯೋ ಬಿಆರ್ ಜಾತಿಯದ್ದೇ ಬೇಕು. ಸೆಲ್ ಮೇಲೇ ಸೋಲ್ಡರಿಂಗ್ ಐರನ್ ಇಡಬೇಡಿ, ಪಟ್ಟಿಗೆ ಮಾತ್ರ. ಎರಡು ಗೆದ್ದಿವೆ. ಮೂರನೇದ್ರಲ್ಲಿ ಎಪಾಕ್ಸಿ ಒತ್ತಡ ಅಳೆಯೋ ತೂತಿಗೆ ಇಳೀತು, ಅದು ಕಸದ ಬುಟ್ಟಿಗೆ.

ಪ್ಲೇನೋ, ಟೆಕ್ಸಸ್: ಮೂರರಲ್ಲಿ ಒಂದು ಹೋಯ್ತು ಅನ್ನೋದನ್ನ ಗೆಲುವು ಅಂತೀರಾ?

ಬೆಂಗಳೂರು, ಎಕ್ಸ್‌ಯುವಿ500: ಇದೆಲ್ಲ ಯಾಕ್ರೀ? ವಾಲ್ವ್ ಮುಚ್ಚಳದ ಜಾಗಕ್ಕೆ ತಿರುಪೋ ಸೆನ್ಸರ್, ಡ್ಯಾಶ್ ಮೇಲೆ ಸೋಲಾರ್ ಡಿಸ್‌ಪ್ಲೇ. ನಾಲ್ಕು ಟೈರಿಗೂ ಬೇರೆ ಬೇರೆ ಅಂಕಿ ಕಾಣುತ್ತೆ. ಟೈರ್ ಬಿಚ್ಚೋದೇ ಬೇಡ. ಜೊತೆಗೆ ನೈಟ್ರೋಜನ್ ಹೊಡೆಸಿಬಿಟ್ರೆ ತಿಂಗಳುಗಟ್ಟಲೆ ಅಂಕಿ ಅಲ್ಲಾಡಲ್ಲ.

ಟ್ರಾಯ್, ಮಿಶಿಗನ್: ರಬ್ಬರ್ ವಾಲ್ವ್ ತುದಿಗೆ ಆ ಭಾರ ನೇತು ಹಾಕಿ ಜೋರಾಗಿ ಓಡಿಸಿದ್ರೆ ವಾಲ್ವ್ ಬುಡ ಬಿರುಕು ಬಿಡಬಹುದು. ಲೋಹದ ವಾಲ್ವ್ ಆದ್ರೆ ಸರಿ. ಕ್ಯಾಮ್ರಿಯ ದೀಪ ಮಾತ್ರ ಅದರಿಂದ ಆರಲ್ಲ. ಇನ್ನು ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ ಸಾರ್. ಉಷ್ಣತೆ 5–6 ಡಿಗ್ರಿ ಸೆಲ್ಸಿಯಸ್ ಇಳಿದ್ರೆ ಯಾವುದೇ ಇರಲಿ, ಹೆಚ್ಚುಕಮ್ಮಿ ಒಂದು ಪಿಎಸ್‌ಐ ಇಳಿಯುತ್ತೆ.

ಬೆಂಗಳೂರು, ಎಕ್ಸ್‌ಯುವಿ500: ನಮ್ಮೂರಲ್ಲಿ ನಿಮ್ಮ ಹಿಮ ಬೀಳಲ್ಲ ಸಾರ್.

ಎಡಿಸನ್, ನ್ಯೂಜೆರ್ಸಿ: ಅಣ್ಣಂದಿರಾ, ನೈಟ್ರೋಜನ್ ಆಮೇಲೆ. ಸತ್ತಿರೋದು ಯಾವ ಚಕ್ರದ್ದು ಅಂತ ಹೇಗೆ ಕಂಡುಹಿಡಿಯೋದು?

ಪ್ಲೇನೋ, ಟೆಕ್ಸಸ್: ಗಾಡಿಯ ದೋಷ ಕೋಡ್ ಓದಿಸಿ. ಸಿ2121ರಿಂದ ಸಿ2124ರೊಳಗೆ ಯಾವುದಾದ್ರೂ ಬಂದ್ರೆ, ಆ ಐಡಿಯಿಂದ ಸಿಗ್ನಲ್ ಇಲ್ಲ ಅಂತ. ಆದ್ರೆ ಐಡಿ 1 ಅಂದ್ರೆ ಮುಂದಿನ ಎಡ ಚಕ್ರ ಅಂತ ತಿಳೀಬೇಡಿ, ಟೈರ್ ರೊಟೇಶನ್ (ಚಕ್ರಗಳ ಜಾಗ ಅದಲುಬದಲು) ಆದ ಮೇಲೆ ಯಾವ ಮೂಲೇಲಿದೆ ಅಂತ ಗಾಡಿಗೇ ಗೊತ್ತಿರಲ್ಲ. ಟೂಲ್ ಹಿಡಿದು ನಾಲ್ಕನ್ನೂ ಎಬ್ಬಿಸಿ, ಏಳದೇ ಇದ್ದಿದ್ದೇ ಸತ್ತಿದ್ದು. ಎದ್ದವುಗಳ ಐಡಿ ಆಗಲೇ ಬರ್ಕೊಂಡಿಟ್ಕೊಳ್ಳಿ. ಬೀಡ್, ಅಂದ್ರೆ ರಿಮ್‌ಗೆ ಕಚ್ಚಿರೋ ಟೈರಿನ ಅಂಚು, ಬಿಡಿಸುವಾಗ ಮೆಷಿನ್ನಿನ ಅಲಗು ವಾಲ್ವ್‌ನ ಎದುರು ಬದಿಗೆ ಇರಲಿ ಅಂತ ಹುಡುಗನಿಗೆ ಹೇಳಿ, ಇಲ್ಲಾಂದ್ರೆ ಚೆನ್ನಾಗಿದ್ದ ಮೂರರಲ್ಲಿ ಇನ್ನೊಂದು ಪುಡಿ. ರಿಸೆಟ್ ಬಟನ್ನು ಗಾಳಿಯ ಮಟ್ಟ ನೆನಪಿಡೋಕೆ ಮಾತ್ರ, ಅದು ಹೊಸ ಐಡಿ ಕಲಿಯಲ್ಲ.

ಟ್ರಾಯ್, ಮಿಶಿಗನ್: ಮೂರು ಎದ್ರೂ ನಾಲ್ಕೂ ಬದಲಿಸಿ. ಇಲ್ಲಾಂದ್ರೆ ನನ್ನ ಹಾಗೆ 471.